ಹಣ್ಣುನೊಣದ ತಳಿಭಂಡಾರ: ಮೈಸೂರಿನಿಂದ ಬೆಂಗಳೂರಿಗೆ

ಬೆಂಗಳೂರಿನ ಹೊರವಲಯದ ಇತಿಹಾಸವನ್ನು ಪೀಣ್ಯದ ಕಾರ್ಖಾನೆಗಳಿಂದಲೋ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಗಣಕಗಳಿಂದಲೋ ಆರಂಭಿಸುವುದು ವಾಡಿಕೆ. ಇದೇ ನಗರದ ಉತ್ತರದ ಅಂಚಿನಲ್ಲಿ, ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣದಲ್ಲಿ, ಕಳಿತ ಬಾಳೆಹಣ್ಣಿಗೆ ಮುತ್ತುವ ಪುಟ್ಟ ನೊಣವೊಂದನ್ನು ಸಂಶೋಧನೆಯ ಸಾಧನವಾಗಿ ರೂಪಿಸುವ ಕಾರ್ಯವೂ ನಡೆದಿದೆ. ಅದರ ಹಿನ್ನೆಲೆಯನ್ನು ಗುರುತಿಸುವುದು ಈ ಲೇಖನದ ಉದ್ದೇಶ.

1910ರಲ್ಲಿ ಅಮೆರಿಕದ ಟಿ. ಎಚ್. ಮಾರ್ಗನ್ ಬಿಳಿಗಣ್ಣಿನ ಹಣ್ಣುನೊಣವನ್ನು ಗುರುತಿಸಿದರು. ಹೊಸ ತಳಿಗಳನ್ನು ಕೇಳಿದವರಿಗೆಲ್ಲ ಹಂಚುವ ಪದ್ಧತಿ ಅವರ ಬಳಗದಿಂದಲೇ ಬೆಳೆಯಿತು. ಕರ್ನಾಟಕದಲ್ಲಿ ಈ ಅಧ್ಯಯನ ಬೇರೂರಿದ್ದು ಮೈಸೂರಿನ ಮಾನಸಗಂಗೋತ್ರಿಯಲ್ಲಿ. ಎಂ. ಆರ್. ರಾಜಶೇಖರಶೆಟ್ಟಿ, ಎನ್. ಬಿ. ಕೃಷ್ಣಮೂರ್ತಿ, ಎಚ್. ಎ. ರಂಗನಾಥ್ ಅವರ ಪರಂಪರೆಯಲ್ಲಿ ಡ್ರೊಸೊಫಿಲಾ ತಳಿಕೇಂದ್ರವೊಂದು ರೂಪುಗೊಂಡಿತು. ಎಂಟು ವರ್ಣತಂತುಗಳ ನಾಸುಟಾ ಮತ್ತು ಆರು ವರ್ಣತಂತುಗಳ ಅಲ್ಬೊಮಿಕಾನ್ಸ್ ನೊಣಗಳ ಸಂಕರದಿಂದ ಅಲ್ಲಿ ಹೊಸ ತಳಿಗಳು ಸಿದ್ಧವಾದುದು ಗಮನಾರ್ಹ.

ಬೆಂಗಳೂರಿನ ಧಾರೆ ಮುಂಬಯಿಯಿಂದ ಬಂದುದು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಒಬೈದ್ ಸಿದ್ದಿಕಿ ಅವರು ಸೀಮೋರ್ ಬೆಂಜರ್ ಅವರೊಡನೆ, ಕಾವೇರಿದಾಗ ನಿಶ್ಚೇಷ್ಟಿತವಾಗುವ ನೊಣಗಳ ಅಧ್ಯಯನವನ್ನು 1976ರಲ್ಲಿ ಪ್ರಕಟಿಸಿದರು. 1978ರಲ್ಲಿ ವೆರೋನಿಕಾ ರೊಡ್ರಿಗಸ್ ಅವರೊಡನೆ ವಾಸನೆ, ರುಚಿಗಳ ಗ್ರಹಿಕೆಯನ್ನು ವಿಶ್ಲೇಷಿಸಿದರು. 1990ರ ದಶಕದ ಆರಂಭದಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವನ್ನು ಕಟ್ಟಿದವರೂ ಅವರೇ. ಆ ಕಾಲದಲ್ಲಿ ನೊಣಗಳಿಗೆ ರಾಸಾಯನಿಕ ಉಣಿಸಿ, ಸಾವಿರಾರರಲ್ಲಿ ಒಂದನ್ನು ಹುಡುಕಬೇಕಿತ್ತು. ಕೆಟ್ಟ ವಂಶವಾಹಿ ಯಾವುದೆಂಬುದು ತಿಳಿಯುತ್ತಿದ್ದುದು ಅನಂತರ.

ಕ್ರಿಸ್ಪರ್ ತಂತ್ರ ಈ ಕ್ರಮವನ್ನೇ ತಿರುಗಿಸಿತು. ಮೊದಲು ವಂಶವಾಹಿಯನ್ನು ಆಯ್ದು, ಅಲ್ಲಿಯೇ ಕತ್ತರಿಸುವುದು ಸಾಧ್ಯವಾಯಿತು. 2020ರಲ್ಲಿ ರಘು ಪಡಿಂಜಾತ್ ಮತ್ತು ಸಹೋದ್ಯೋಗಿಗಳು, ಕೋಶಪೊರೆಯ ಫಾಸ್ಫೊಇನೊಸಿಟೈಡ್ ಎಂಬ ಮೇದಸ್ಸುಗಳಿಗೆ ಸಂಬಂಧಿಸಿದ 103 ಪ್ರೋಟೀನುಗಳನ್ನು ಒಂದೊಂದಾಗಿ ಇಲ್ಲವಾಗಿಸಬಲ್ಲ ತಳಿಸಮೂಹವನ್ನು ಪ್ರಕಟಿಸಿದರು. ಕತ್ತರಿಸಬೇಕಾದ ಸ್ಥಳವನ್ನು ತೋರುವ ಆರ್‌ಎನ್‌ಎಯನ್ನು ಒಂದು ತಳಿ ಹೊತ್ತಿರುತ್ತದೆ, ಕತ್ತರಿಸುವ ಕ್ಯಾಸ್9 ಪ್ರೋಟೀನನ್ನು ಇನ್ನೊಂದು. ಇವೆರಡನ್ನೂ ಸಂಕರಗೊಳಿಸಿದರೆ ಬೇಕಾದ ಅಂಗದಲ್ಲಿ ಮಾತ್ರ ಆ ವಂಶವಾಹಿ ಕೆಡುತ್ತದೆ. ಹೀಗಾಗಿ ಒಮ್ಮೆ ಸಿದ್ಧವಾದ ತಳಿ, ಕಣ್ಣನ್ನು ಅಭ್ಯಸಿಸುವವರಿಗೂ ನರವನ್ನು ಅಭ್ಯಸಿಸುವವರಿಗೂ ಸಮಾನವಾಗಿ ಒದಗುತ್ತದೆ.

ಆದರೆ ತಳಿಯನ್ನು ಸೃಷ್ಟಿಸುವುದಷ್ಟೇ ಸಾಲದು. ನೊಣಗಳನ್ನು ಘನೀಕರಿಸಿ ಇಡುವ ವಿಧಾನ ಇನ್ನೂ ವ್ಯಾಪಕ ಬಳಕೆಗೆ ಬಂದಿಲ್ಲ. 18 ಡಿಗ್ರಿ ಉಷ್ಣತೆಯಲ್ಲಿಟ್ಟರೂ ಸುಮಾರು ತಿಂಗಳಿಗೊಮ್ಮೆ ಹೊಸ ಆಹಾರದ ಶೀಶೆಗೆ ವರ್ಗಾಯಿಸಲೇಬೇಕು. ಓಲೆಗರಿಯ ಗ್ರಂಥ ಉಳಿದದ್ದು ತಲೆಮಾರಿನಿಂದ ತಲೆಮಾರಿಗೆ ಪ್ರತಿ ಮಾಡಿದವರಿಂದ. ಪ್ರತಿಕಾರರು ತಪ್ಪಿದಲ್ಲಿ ಕೃತಿಯ ಹೆಸರಷ್ಟೇ ಉಳಿಯಿತು. ನೊಣದ ತಳಿಯ ಗತಿಯೂ ಅದೇ. ಆದ್ದರಿಂದ ಈ ಚರಿತ್ರೆಯಲ್ಲಿ ಶೋಧಕರ ಹೆಸರಿನೊಡನೆ, ಶೀಶೆ ಬದಲಿಸುತ್ತ ಬಂದ ಅನಾಮಿಕ ಕೈಗಳಿಗೂ ಸ್ಥಾನ ಸಲ್ಲಬೇಕು.