ನೀಲಿ ಗೆರೆಯ ನಕ್ಷೆ, ಹಸಿರು ಟಿಕ್ ಮಾರ್ಕ್: ಮನೆ ಪರ್ಮಿಷನ್ ಆನ್‌ಲೈನ್ ಆದ ಕಥೆ

ಇಯರ್‌ಫೋನ್ ಹಾಕ್ಕೊಂಡ್ರಾ? ಶುರು ಮಾಡೋಣ.

ಹೋದ ತಿಂಗಳು ವಿಜಯಪುರಕ್ಕೆ ಹೋಗಿದ್ದೆ. ಗೋಲಗುಮ್ಮಟದ ವಿಜಯಪುರ ಅಲ್ಲ. ನಮ್ಮ ದೇವನಹಳ್ಳಿ ತಾಲ್ಲೂಕಿನ, ರೇಷ್ಮೆಗೂಡಿನ ಮಾರುಕಟ್ಟೆ ಇರೋ ವಿಜಯಪುರ. ಹಳಬರ ಬಾಯಲ್ಲಿ ವಡಿಗೇನಹಳ್ಳಿ. ಅಲ್ಲಿ ನಮ್ಮ ದೊಡ್ಡಪ್ಪ ಟ್ರಂಕಿನಿಂದ ಒಂದು ಕಾಗದ ತೆಗೆದು ನೆಲದ ಮೇಲೆ ಹಾಸಿದ್ರು. ಅಮೋನಿಯಾ ಪ್ರಿಂಟ್, ನೀಲಿ ಗೆರೆ, ಮೂಲೆಯಲ್ಲಿ ಸೀಲು. ಮನೆ ನಕ್ಷೆ. "ನೋಡು ಮಗ, ಈಗ ಎಲ್ಲಾ ಆನ್‌ಲೈನ್ ಅಂತಾರೆ. ಇದು ನಡೆಯುತ್ತಾ?"

ಕೇಳೋಕೆ ಕಾರಣ ಇತ್ತು. ಮಗನಿಗೆ ಅಂತ ಕಟ್ಟಿಸಿದ ಮಹಡಿಗೆ ಬೇರೆ ಕರೆಂಟ್ ಮೀಟರ್ ಬೇಕು. ಆದ್ರೆ ನಕ್ಷೆಯಲ್ಲಿ ಇರೋದು ಒಂದೇ ಅಂತಸ್ತು. ಮನೆಯಲ್ಲಿ ಎರಡು.

ನಮ್ಮ ಜಾಗ, ನಮ್ಮ ದುಡ್ಡು, ಮನೆ ಕಟ್ಟೋಕೆ ಪರ್ಮಿಷನ್ ಯಾಕೆ? ಇದಕ್ಕೆ ಉತ್ತರ ಬೇಕಂದ್ರೆ 1898ಕ್ಕೆ ಹೋಗ್ಬೇಕು. ಆ ವರ್ಷ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟು ಗಲ್ಲಿಗಳಲ್ಲಿ, ಗಾಳಿ ಬೆಳಕಿಲ್ಲದ ಮನೆಗಳಲ್ಲಿ ಜನ ಸತ್ತರು. ಆಮೇಲೆ ಬೆಳೆದ ಬಸವನಗುಡಿ, ಮಲ್ಲೇಶ್ವರದ ರಸ್ತೆ ನೋಡಿ: ನೇರ, ಅಗಲ, ಮನೆಗಳ ಹಿಂದೆ ಕನ್ಸರ್ವೆನ್ಸಿ ಓಣಿ. ಇವತ್ತು ನಾವು ಬೈಕೊಳ್ಳೋ 'ಸೆಟ್‌ಬ್ಯಾಕ್', ಅಂದ್ರೆ ಮನೆ ಸುತ್ತ ಬಿಡೋ ಜಾಗ, ಅದರ ಹಿಂದೆ ಇರೋದು ಇದೇ ತರದ ಭಯ. ಪಕ್ಕದ ಮನೆಗೆ ಗಾಳಿ ಹೋಗ್ಬೇಕು, ಬೆಂಕಿ ಬಿದ್ರೆ ಹರಡಬಾರದು. ಒಳಗೇ ಬಿಸಿನೀರಲ್ಲಿ ಗೂಡು ಬೇಯಿಸಿ ನೂಲು ತೆಗೆಯೋ ರೀಲರ್‌ಗಳ ಮನೆಯಲ್ಲಿ ಬೆಳೆದವರಿಗೆ ಒಂದು ಕಿಟಕಿಯ ಬೆಲೆ ಬಿಡಿಸಿ ಹೇಳ್ಬೇಕಾಗಿಲ್ಲ.

ನಂತರ ಕಾನೂನುಗಳು ಬಂದವು. 1961ರಲ್ಲಿ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1964ರಲ್ಲಿ ಪುರಸಭೆಗಳ ಕಾಯ್ದೆ. ಎಂಜಿನಿಯರ್ ನಕ್ಷೆ ಬರೀತಿದ್ರು, ಕಚೇರಿಯಲ್ಲಿ ಇನ್ನೊಬ್ಬರು ಸ್ಕೇಲ್ ಇಟ್ಟು ಅಳೀತಿದ್ರು, ಫೈಲು ಮೇಜಿಂದ ಮೇಜಿಗೆ ಹೋಗ್ತಿತ್ತು.

ಈ ಅಳೆಯೋ ಕೆಲಸ ಯಂತ್ರಕ್ಕೆ ಕೊಡಬಹುದಾ? ಐಡಿಯಾ ಹಳೇದು. 1966ರಲ್ಲಿ ಅಮೆರಿಕದ ಸ್ಟೀವನ್ ಫೆನ್ವೆಸ್ ಅನ್ನೋ ಎಂಜಿನಿಯರಿಂಗ್ ಪ್ರೊಫೆಸರ್, ಕಟ್ಟಡ ವಿನ್ಯಾಸದ ನಿಯಮಗಳನ್ನ ಟೇಬಲ್ ರೂಪಕ್ಕೆ ತರಬಹುದು ಅಂತ ತೋರಿಸಿದ್ರು: ಹೀಗಿದ್ರೆ ಹೀಗೆ, ಇಲ್ಲದಿದ್ರೆ ಹಾಗೆ. ನನ್ನಂಥ ಬಿಕಾಂ ಮಂದಿಗೆ ಅರ್ಥ ಆಗೋ ಹಾಗೆ ಹೇಳ್ಬೇಕಂದ್ರೆ, ಎಕ್ಸೆಲ್‌ನ ಇಫ್ ಫಾರ್ಮುಲಾ. 1995ರಲ್ಲಿ ಸಿಂಗಪುರ ಕೋರ್‌ನೆಟ್ ಅನ್ನೋ ಯೋಜನೆ ಶುರು ಮಾಡ್ತು. ನಕ್ಷೆಗಳನ್ನ ಎಲೆಕ್ಟ್ರಾನಿಕ್ ಆಗಿ ಸಲ್ಲಿಸೋದು, ಕಂಪ್ಯೂಟರೇ ಪರೀಕ್ಷಿಸೋದು ಅದರ ಗುರಿ.

ನಮ್ಮ ದೇಶದಲ್ಲಿ ಹರಡಿದ್ದು ಆಟೋಡಿಸಿಆರ್ ತರದ ಸಾಫ್ಟ್‌ವೇರ್. ಕೆಲಸ ಸರಳ. ಎಂಜಿನಿಯರ್ ಕ್ಯಾಡ್ ಡ್ರಾಯಿಂಗ್‌ನಲ್ಲಿ ನಿವೇಶನದ ಗಡಿ, ಗೋಡೆ, ರೂಮು, ಪಾರ್ಕಿಂಗ್ ಎಲ್ಲಾ ಬೇರೆಬೇರೆ ಲೇಯರ್‌ನಲ್ಲಿ ಗುರುತು ಮಾಡ್ತಾರೆ. ಸಾಫ್ಟ್‌ವೇರ್ ಅಳೆದು ನಿಯಮದ ಜೊತೆ ಹೋಲಿಸುತ್ತೆ. 30×40 ಸೈಟು, ಅಂದ್ರೆ 1,200 ಚದರ ಅಡಿ. ಎಫ್‌ಎಆರ್ 1.75 ಅಂತ ಇಟ್ಕೊಳ್ಳಿ. ಎಲ್ಲಾ ಅಂತಸ್ತು ಸೇರಿ 2,100 ಚದರ ಅಡಿ ಕಟ್ಟಬಹುದು. 2,101 ಆದ್ರೆ ಕೆಂಪು. ಅಲ್ಲಿ ಶಿಫಾರಸು ನಡೆಯಲ್ಲ. ಇದು ನಿಜವಾದ ಲಾಭ.

ಆದ್ರೆ ಮನೆ ನಿಲ್ಲೋದು ನೆಲದ ಮೇಲೆ. ಹಾಗಾಗಿ ನೆಲದ ದಾಖಲೆಯೂ ಕಂಪ್ಯೂಟರ್‌ಗೆ ಬರ್ಬೇಕು. ಈ ವಿಷಯದಲ್ಲಿ ಕರ್ನಾಟಕ ಮುಂದಿತ್ತು: 2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ಪಹಣಿಗಳನ್ನ ಡಿಜಿಟಲ್ ಮಾಡ್ತು. ಆದ್ರೆ ಪಹಣಿ ಹೊಲದ್ದು. ಪಟ್ಟಣದ ನಿವೇಶನಕ್ಕೆ ಬೇಕಿರೋದು ಖಾತೆ. ಆಸ್ತಿ ನೋಂದಣಿಗೆ ಇ-ಖಾತೆ ಕಡ್ಡಾಯ ಆಗೋಕೆ 2024 ಬರ್ಬೇಕಾಯ್ತು. ಅಡಿಪಾಯಕ್ಕಿಂತ ಮೊದಲು ಗೋಡೆ ಎಬ್ಬಿಸಿದ ಹಾಗೆ, ಅಲ್ವಾ?

ಇನ್ನೊಂದು ತೊಡಕಿದೆ. ಸಾಫ್ಟ್‌ವೇರ್ ನೋಡೋದು ಡ್ರಾಯಿಂಗ್, ಮನೆಯನ್ನಲ್ಲ. ನಕ್ಷೆಯಲ್ಲಿ ಮೂರಡಿ ಬಿಟ್ಟು ಹಸಿರು ಟಿಕ್ ತಗೊಂಡು, ಸ್ಥಳದಲ್ಲಿ ಒಂದಡಿ ಬಿಟ್ರೆ ಅದಕ್ಕೆ ಗೊತ್ತಾಗಲ್ಲ.

ಇದನ್ನ ಗಂಭೀರ ಮಾಡಿದ್ದು 2024ರ ಡಿಸೆಂಬರ್ 17ರ ಸುಪ್ರೀಂ ಕೋರ್ಟ್ ತೀರ್ಪು. ಕಟ್ಟಡ ನಕ್ಷೆಯಂತೆ ಇದೆ ಅನ್ನೋ ಸ್ವಾಧೀನ ಪತ್ರ, ಅಂದ್ರೆ ಒಸಿ, ಇಲ್ಲದೆ ಕರೆಂಟು, ನೀರು ಕೊಡಬಾರದು ಅಂತ ಕೋರ್ಟ್ ಹೇಳ್ತು. 2025ರಲ್ಲಿ ಕರ್ನಾಟಕದಲ್ಲಿ ಎಷ್ಟೋ ಹೊಸ ಮನೆಗಳು ಕರೆಂಟಿಗೆ ಕಾದು ಕೂತವು. ಕೊನೆಗೆ ಸರ್ಕಾರ 1,200 ಚದರ ಅಡಿವರೆಗಿನ ಸೈಟುಗಳ ಸಣ್ಣ ಮನೆಗಳಿಗೆ ಒಸಿಯಿಂದ ವಿನಾಯಿತಿ ಕೊಡ್ತು. ನಮ್ಮ ದೊಡ್ಡಪ್ಪನ ಸೈಟು 30×50. 1,500 ಚದರ ಅಡಿ.

ಈಗಿನ ಹೊಸ ದಾರಿ 'ಮೊದಲು ನಂಬು, ಆಮೇಲೆ ನೋಡು'. ತೆಲಂಗಾಣದಲ್ಲಿ 2020ರಲ್ಲಿ ಟಿಎಸ್-ಬಿಪಾಸ್ ಬಂತು, ಸಣ್ಣ ಮನೆಗಳಿಗೆ ಮಾಲೀಕರ ಸ್ವಯಂ ಘೋಷಣೆ ಸಾಕಿತ್ತು. ಬೆಂಗಳೂರಲ್ಲಿ 2024ರಲ್ಲಿ 'ನಂಬಿಕೆ ನಕ್ಷೆ' ಬಂತು. 2022ರಲ್ಲಿ ಯುರೋಪಿನಲ್ಲಿ ಶುರುವಾದ ಅಕಾರ್ಡ್, ಚೆಕ್ ಅನ್ನೋ ಸಂಶೋಧನಾ ಯೋಜನೆಗಳು ಮೂರು ಆಯಾಮದ ಮಾದರಿಯನ್ನೇ ನಿಯಮದ ಜೊತೆ ಹೋಲಿಸೋಕೆ ಹೊರಟವು.

ಎಲ್ಲಾ ಒಳ್ಳೇದೇ. ಆದ್ರೆ ಈ ನೂರಿಪ್ಪತ್ತೈದು ವರ್ಷದ ಕಥೆಯಲ್ಲಿ ನನಗೆ ಕಂಡಿದ್ದು ಇಷ್ಟು: ನಾವು ಸ್ಪೀಡ್ ಮಾಡಿದ್ದು ಕಾಗದವನ್ನ. ಟೇಪ್ ಹಿಡ್ಕೊಂಡು ಸೈಟಿಗೆ ಹೋಗಿ ನೋಡೋ ಕೆಲಸ ಮಾತ್ರ ಹಿಂದೆ ಉಳೀತು. ಪ್ಲೇಗ್ ಕಾಲದಲ್ಲಿ ಜೀವ ಉಳಿಸೋ ಗಾಳಿ ಬೇಕಾಗಿದ್ದು ಗೋಡೆಗಳ ಮಧ್ಯೆ, ಗೆರೆಗಳ ಮಧ್ಯೆ ಅಲ್ಲ.

ದೊಡ್ಡಪ್ಪನಿಗೆ ಏನು ಹೇಳಿದೆ? ನಕ್ಷೆ ನಡೆಯುತ್ತೆ ದೊಡ್ಡಪ್ಪ, ಕೆಳಗಿನ ಮನೆಗೆ. ಮಹಡಿಗೆ ಅದರಲ್ಲಿ ಗೆರೆನೇ ಇಲ್ವಲ್ಲ. ಅವರು ಸುಮ್ಮನೆ ಕಾಗದ ಮಡಚಿ ಟ್ರಂಕಿಗೆ ಇಟ್ರು. ಸದ್ಯಕ್ಕೆ ಮಹಡಿಗೆ ಕೆಳಗಿನ ಮನೆ ಮೀಟರಿಂದಲೇ ಕರೆಂಟು.

ನಿಮ್ಮನೆಯಲ್ಲಿ ಯಾರಾದ್ರೂ ಮನೆ ಕಟ್ಟಿಸ್ತಿದ್ರೆ ಮೂರು ಕೇಳಿ: ಇ-ಖಾತೆ ಆಗಿದೆಯಾ? ಮಂಜೂರಾದ ನಕ್ಷೆ ಕೈಯಲ್ಲಿದೆಯಾ? ಮೇಸ್ತ್ರಿ ಕಟ್ತಿರೋದು ಅದನ್ನೇನಾ? ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.