ಧ್ಯಾನಕ್ಕೊಂದು ಸೂರು

ಮನೆ ಬಿಟ್ಟು ಹೊರಟವರಿಗೆ ಮತ್ತೆ ಮನೆ ಏಕೆ ಬೇಕು? ನಾಶಿಕದ ತ್ರಿರಶ್ಮಿ ಬೆಟ್ಟದ ಮೆಟ್ಟಿಲುಗಳನ್ನು ಏರುವಾಗ ನನ್ನನ್ನು ಕಾಡಿದ ಪ್ರಶ್ನೆ ಇದು. ಜನರ ಬಾಯಲ್ಲಿ ಅಲ್ಲಿನ ಗುಹೆಗಳು ಪಾಂಡವರವು. ಶಾಸನಗಳು ಹೇಳುವಂತೆ ಅವನ್ನು ಕಡೆಸಿದ್ದು ಬೌದ್ಧ ಭಿಕ್ಷುಗಳ ವಾಸಕ್ಕಾಗಿ.

ಬುದ್ಧನ ಶಿಷ್ಯರು ಮೊದಮೊದಲು ಊರೂರು ಸುತ್ತುವ ಪರಿವ್ರಾಜಕರು. ಮರದ ಬುಡ, ಬೆಟ್ಟದ ಬಿರುಕು, ಸ್ಮಶಾನ ಇವೇ ಅವರ ನೆಲೆಗಳು. ಮಳೆಗಾಲದಲ್ಲಿಯೂ ಇವರು ತಿರುಗಾಡಿ ಎಳೆಯ ಹುಲ್ಲನ್ನೂ ಸಣ್ಣ ಜೀವಿಗಳನ್ನೂ ತುಳಿಯುತ್ತಾರೆಂದು ಜನರು ಆಕ್ಷೇಪಿಸಿದಾಗ ವರ್ಷಾವಾಸದ ನಿಯಮ ಹುಟ್ಟಿತೆಂದು ವಿನಯಪಿಟಕ ಹೇಳುತ್ತದೆ. ಮೂರು ತಿಂಗಳು ಒಂದೆಡೆ ನಿಲ್ಲಬೇಕಾದರೆ ಸೂರು ಬೇಕಷ್ಟೆ. ರಾಜಗೃಹದ ಶ್ರೇಷ್ಠಿಯೊಬ್ಬನು 60 ವಸತಿಗಳನ್ನು ಕಟ್ಟಿಸಿದನಂತೆ. ಅನಾಥಪಿಂಡಿಕನು ನೆಲಕ್ಕೆ ನಾಣ್ಯ ಹಾಸಿ ಜೇತವನವನ್ನು ಕೊಂಡನಂತೆ. ಆ ದಾನ ಯಾವೊಬ್ಬ ವ್ಯಕ್ತಿಗೂ ಅಲ್ಲ. ಈಗಾಗಲೇ ಬಂದಿರುವ, ಮುಂದೆ ಬರಲಿರುವ ನಾಲ್ಕು ದಿಕ್ಕುಗಳ ಸಂಘಕ್ಕೆ.

ನಾಶಿಕದ 10ನೆಯ ಗುಹೆಯ ಶಾಸನದಲ್ಲಿ ಈ ಭಾವನೆಗೆ ಲೆಕ್ಕಪತ್ರದ ರೂಪ ದೊರೆತಿದೆ. ಸುಮಾರು 1900 ವರ್ಷಗಳ ಹಿಂದೆ ಕ್ಷತ್ರಪ ನಹಪಾನನ ಅಳಿಯ ಉಷವದಾತನು ಈ ಗುಹೆಯನ್ನು ಸಂಘಕ್ಕೆ ಕೊಟ್ಟನು. ಗುಹೆ ಕೊಟ್ಟ ಮಾತ್ರಕ್ಕೆ ಭಿಕ್ಷುಗಳು ಬಾಳುವುದೆಂತು? ಅದಕ್ಕಾಗಿ ಅವನು ಗೋವರ್ಧನದ ನೇಕಾರರ ಶ್ರೇಣಿಯೊಂದರಲ್ಲಿ 2000 ಕಾರ್ಷಾಪಣಗಳನ್ನು ನೂರಕ್ಕೆ ತಿಂಗಳಿಗೆ ಒಂದರ ಬಡ್ಡಿಗೆ ಇರಿಸಿದನು. ಅಸಲನ್ನು ಮುಟ್ಟುವಂತಿಲ್ಲ. ಅಲ್ಲಿ ಮಳೆಗಾಲ ಕಳೆಯುವ 20 ಭಿಕ್ಷುಗಳಿಗೆ ಚೀವರಕ್ಕೆಂದು ತಲಾ 12 ಸಲ್ಲಬೇಕು. ನಾನು ಲೆಕ್ಕ ಹಾಕಿ ನೋಡಿದೆ. ವರ್ಷದ ಬಡ್ಡಿ 240, ಕೊಡಬೇಕಾದದ್ದೂ 240. ಧರ್ಮಶ್ರದ್ಧೆಯ ಹಿಂದೆ ಇಷ್ಟು ಎಚ್ಚರದ ಗೃಹಸ್ಥಬುದ್ಧಿ ದುಡಿದಿತ್ತೆಂಬುದು ನನಗೆ ಸೋಜಿಗವನ್ನೂ ಸಂತೋಷವನ್ನೂ ತಂದಿತು.

ಅಲ್ಲಿಂದ ಸುಮಾರು 45 ಕಿಲೋಮೀಟರು ದೂರದ ಇಗತ್ಪುರಿಯಲ್ಲಿ ಅದೇ ಕಥೆ ನಮ್ಮ ಕಾಲದಲ್ಲಿ ಮರುಕಳಿಸಿತು. ಬರ್ಮಾದಲ್ಲಿ ಹುಟ್ಟಿದ ವ್ಯಾಪಾರಿ ಸತ್ಯನಾರಾಯಣ ಗೋಯೆಂಕಾ, ಸರ್ಕಾರದ ಲೆಕ್ಕಪತ್ರ ಇಲಾಖೆಯ ಉನ್ನತಾಧಿಕಾರಿಯಾಗಿದ್ದ ಊ ಬಾ ಖಿನ್ ಅವರಿಂದ ವಿಪಶ್ಯನ ಧ್ಯಾನವನ್ನು ಕಲಿತು, 1969ರಲ್ಲಿ ಭಾರತಕ್ಕೆ ಬಂದರು. ಮೊದಲ ಶಿಬಿರ ಮುಂಬಯಿಯ ಧರ್ಮಶಾಲೆಯೊಂದರಲ್ಲಿ. ಕುಳಿತವರಲ್ಲಿ ಅವರ ತಂದೆತಾಯಿಗಳೂ ಇದ್ದರು. ಬಳಿಕ ವರ್ಷಗಳ ಕಾಲ ಊರಿಂದೂರಿಗೆ ಎರವಲು ಸೂರಿನ ಅಲೆದಾಟ. ಹತ್ತು ದಿನ ಮಾತಿಲ್ಲದೆ ಕೂರುವವರಿಗೆ ಯಾತ್ರಿಕರ ಗದ್ದಲದ ನಡುವಣ ಛತ್ರ ಎಷ್ಟು ಕಾಲ ಒದಗೀತು? 1976ರಲ್ಲಿ ಇಗತ್ಪುರಿಯ ಧಮ್ಮಗಿರಿಯಲ್ಲಿ ಶಿಬಿರಗಳು ಆರಂಭವಾದಾಗ ಆ ಅಲೆದಾಟಕ್ಕೆ ಒಂದು ನೆಲೆ ಸಿಕ್ಕಿತು. ಅಲ್ಲಿ ಶುಲ್ಕವಿಲ್ಲ, ಹಿಂದೆ ಕುಳಿತು ಹೋದವರ ದಾನದಿಂದ ಮುಂದೆ ಬರುವವರ ಅನ್ನ. ಗೋಯೆಂಕಾ ಅವರು 2013ರಲ್ಲಿ ತೀರಿಕೊಂಡ ಮೇಲೂ ಈ ಪದ್ಧತಿ ನಡೆದುಬಂದಿದೆ.

ಉಷವದಾತನ ನೇಕಾರರು ಇಂದಿಲ್ಲ, ಬಡ್ಡಿಯೂ ನಿಂತಿತು. ಕಲ್ಲಿನ ಕೋಣೆಗಳು ಮಾತ್ರ ಗಟ್ಟಿಯಾಗಿವೆ, ಬರಿದಾಗಿ. ಅವುಗಳ ಹೊಸ್ತಿಲಲ್ಲಿ ನಿಂತಾಗ ನನ್ನ ಪ್ರಶ್ನೆಗೆ ಅರೆ ಉತ್ತರ ದೊರೆಯಿತೆನ್ನಿಸಿತು. ಮನೆ ಬೇಕಾದದ್ದು ಬಿಟ್ಟು ಹೊರಟವನಿಗಷ್ಟೇ ಅಲ್ಲ, ನಾಳೆ ಅವನನ್ನು ಹುಡುಕಿಕೊಂಡು ಬರುವವನಿಗೆ. ಆದರೆ ಬಂದು ಕೂರುವವರು ಇಲ್ಲವಾದ ದಿನ, ಬಂಡೆಯಲ್ಲಿ ಕಡೆದ ಮನೆಯೂ ಸಂಘವನ್ನು ಉಳಿಸಲಾರದು.