ಮಣ್ಣಿನ ಗೋಡೆಯ ಮರುಹುಟ್ಟು



ನಮ್ಮಲ್ಲಿ ಅನೇಕರ ಅಜ್ಜನ ಮನೆಯ ಗೋಡೆ ಮಣ್ಣಿನದು. ಮಣ್ಣನ್ನು ನೆನೆಹಾಕಿ, ಕಾಲಿನಿಂದ ತುಳಿದು ಹದಗೊಳಿಸಿ, ಒಂದು ಪದರ ಒಣಗಿದ ಬಳಿಕ ಮತ್ತೊಂದನ್ನು ಏರಿಸಿ ಕಟ್ಟಿದ ಗೋಡೆ ಅದು. ಹಲವು ತಲೆಮಾರುಗಳು ಬಾಳಿದ ಇಂತಹ ಗೋಡೆಯನ್ನು ಭಾರತದ 2011ರ ಜನಗಣತಿಯು 'ತಾತ್ಕಾಲಿಕ' ಸಾಮಗ್ರಿಗಳ ಸಾಲಿಗೆ ಸೇರಿಸಿತು. ಈ ತೀರ್ಪು ನ್ಯಾಯವೇ?

ಮಣ್ಣಿನ ಪರಮಶತ್ರು ನೀರು. ಒಣಗಿದ ಜೇಡಿಯು ಮರಳಿನ ಕಣಗಳನ್ನು ಬಿಗಿಹಿಡಿಯುತ್ತದೆ. ನೆನೆದರೆ ಆ ಹಿಡಿತ ಸಡಿಲುತ್ತದೆ. ಇದಕ್ಕೆ ಪೂರ್ವಿಕರು ಕಂಡುಕೊಂಡ ಪರಿಹಾರವೆಂದರೆ ಕಲ್ಲಿನ ತಳಪಾಯ, ಮುಂಚಾಚಿದ ಸೂರು, ವರ್ಷವರ್ಷದ ಸಾರಣೆ. ಆಧುನಿಕರು ಕಂಡುಕೊಂಡದ್ದು ಸಿಮೆಂಟು ಮತ್ತು ಒತ್ತಡ. ದೇಶವಿಭಜನೆಯ ಬೆನ್ನಲ್ಲೇ, 1948ರ ಸುಮಾರಿಗೆ, ಕರ್ನಾಲ್‌ನಲ್ಲಿ ಸಿಮೆಂಟು ಬೆರೆಸಿದ ಮಣ್ಣನ್ನು ದಮ್ಮಸು ಮಾಡಿ ಸುಮಾರು 4000 ಮನೆಗಳನ್ನು ಕಟ್ಟಲಾಯಿತು. 1950ರ ದಶಕದಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ರೌಲ್ ರಾಮಿರೆಸ್ ಎಂಬ ಎಂಜಿನಿಯರ್ ಮಣ್ಣಿನ ಇಟ್ಟಿಗೆಯನ್ನು ಒತ್ತುವ 'ಸಿನ್ವಾ-ರಾಮ್' ಎಂಬ ಕೈಯಂತ್ರವನ್ನು ರೂಪಿಸಿದರು.

ಈ ವಿದ್ಯೆ ನಮ್ಮ ನಾಡಿನಲ್ಲಿ ಬೇರೂರಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ. ಅಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ, ವಿಜ್ಞಾನವನ್ನು ಹಳ್ಳಿಗೆ ಒಯ್ಯಲೆಂದು 'ಅಸ್ತ್ರ' ಎಂಬ ಕೇಂದ್ರ ಹುಟ್ಟಿತು. ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮ ಅದರ ಕಾರ್ಯಕ್ಷೇತ್ರವಾಯಿತು. ಗೂಡಿನಲ್ಲಿ ಸುಡುವ ಇಟ್ಟಿಗೆಗೆ ರಾಶಿರಾಶಿ ಸೌದೆ ಬೇಕು. ಒತ್ತಿದ ಮಣ್ಣಿನ ಇಟ್ಟಿಗೆಗೆ ಬೆಂಕಿಯೇ ಬೇಡ. ಪ್ರೊ. ಕೆ. ಎಸ್. ಜಗದೀಶ್ ಮತ್ತು ಅವರ ಸಹೋದ್ಯೋಗಿಗಳು ಕಂಡುಕೊಂಡ ಹದ ಸರಳವಾದುದು: ಮರಳು ಹೆಚ್ಚಿರುವ ಕೆಮ್ಮಣ್ಣು, ಶೇಕಡಾ 5ರಿಂದ 8ರಷ್ಟು ಸಿಮೆಂಟು, ಯಂತ್ರದ ಒತ್ತಡ, ಅನಂತರ ಮೂರು-ನಾಲ್ಕು ವಾರ ನೀರುಣಿಸುವಿಕೆ. ಆದರೆ ನೆನೆದಾಗ ಉಬ್ಬಿ, ಒಣಗಿದಾಗ ಬಿರಿಯುವ ಎರೆಮಣ್ಣಿಗೆ ಈ ಹದ ಸಲ್ಲದು. ಅದಕ್ಕೆ ಸುಣ್ಣ ಬೇಕು.

ಈ ಚರಿತ್ರೆಯ ತಿರುಳು ಇಲ್ಲಿಯೇ ಇದೆ. ಯಂತ್ರವನ್ನು ಕೊಳ್ಳಬಹುದು, ಮಣ್ಣಿನ ಪರಿಚಯವನ್ನು ಕೊಳ್ಳಲಾಗದು. ಅಂಗೈಯಲ್ಲಿ ಉಜ್ಜಿ ಮಣ್ಣಿನ ಗುಣ ಹೇಳುತ್ತಿದ್ದ ಹಳ್ಳಿಯ ಕೆಲಸಗಾರನ ಜ್ಞಾನವನ್ನೇ ಪ್ರಯೋಗಾಲಯವು ಅಳತೆಗೆ ಇಳಿಸಿತು. ಗಳಿಕೆಯೊಡನೆ ನಷ್ಟವೂ ಉಂಟು: ಅಜ್ಜನ ಗೋಡೆ ಬಿದ್ದರೆ ಮತ್ತೆ ಹೊಲದ ಮಣ್ಣಾಗುತ್ತಿತ್ತು; ಸಿಮೆಂಟು ಬೆರೆತ ಇಟ್ಟಿಗೆ ಅಷ್ಟು ಸುಲಭವಾಗಿ ಮಣ್ಣಾಗದು.

ಊರಿನ ಹಳೆಯ ಮನೆಯನ್ನು ಕೆಡವಿ ಕಾಂಕ್ರೀಟಿನ ಮನೆ ಕಟ್ಟಿಸಲು ಇಲ್ಲಿಂದ ಹಣ ಕಳುಹಿಸುವ ನಾವು, ಅದಕ್ಕೆ ಮುನ್ನ ಒಮ್ಮೆ ಆ ಗೋಡೆಯನ್ನು ಮುಟ್ಟಿ ನೋಡೋಣ. ಕೆಡವಬೇಕಾದುದು ಗೋಡೆಯನ್ನೋ, ಮಣ್ಣೆಂದರೆ ಬಡತನವೆಂಬ ನಮ್ಮ ಭಾವನೆಯನ್ನೋ?